ಮೀಟರ್ ಬೋರ್ಡಿನ ಕೆಳಗಿನ ನಾಯಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಹುಬ್ಬಳ್ಳಿಯವರೊಬ್ಬರು ಬರೆದದ್ದನ್ನು ಓದಿದೆ. ಅವರ ಓಣಿಯಲ್ಲಿ ಯಾರದೋ ಮನೆಯ ನಾಯಿ ಗೇಟು ದಾಟಿ ಬಂದು ಹುಡುಗನ ಕಾಲು ಹಿಡಿದಿದೆ. ಪಾಪ, ಯಾರಿಗಾದರೂ ಸಿಟ್ಟು ಬರುವುದೇ. ಆದರೆ ಪತ್ರದ ಕೊನೆಗೆ ಅವರು, ಇಂಥಿಂಥ ತಳಿಗಳನ್ನು ಪೂರಾ ಬಂದ್ ಮಾಡಿ, ಲ್ಯಾಬ್ರಡಾರ್‌ನಂಥ ಒಳ್ಳೆ ಗುಣದ ನಾಯಿ ಮಾತ್ರ ಸಾಕಲು ಬಿಡಿ ಅಂತ ಬರೆದಿದ್ದಾರಲ್ಲ, ಅಲ್ಲಿ ನನ್ನದೊಂದು ತಕರಾರಿದೆ. ನನ್ನ ಬಲಗೈ ಮೇಲೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಇವತ್ತಿಗೂ ಕಾಣುವ ಗುರುತು ಲ್ಯಾಬ್ರಡಾರ್ ನಾಯಿಯದೇ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ಓದಿ, ಅಲ್ಲೇ ಬಿಲ್ ತೆಗೆದು ಕೊಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಆಯ್ತು. ಮಾಳಮಡ್ಡಿ, ಸಪ್ತಾಪುರ, ಕಲ್ಯಾಣನಗರ, ನಡುವೆ ಎರಡು ವರ್ಷ ಹುಬ್ಬಳ್ಳಿಯ ಕೇಶ್ವಾಪುರ. ಹಾಲಿನವರನ್ನು ನಾಯಿ ದಿನಾ ನೋಡುತ್ತದೆ. ಪೇಪರ್ ಹುಡುಗ ಗೇಟಿನ ಹೊರಗಿಂದಲೇ ಎಸೆದು ಸೈಕಲ್ ತುಳಿಯುತ್ತಾನೆ. ನಾನು ಮಾತ್ರ ಒಳಗೇ ಬರಬೇಕು, ಅದೂ ತಿಂಗಳಿಗೆ ಒಂದೇ ಸಲ. ಹಾಗಾಗಿ ನಾಯಿಗೆ ನನ್ನ ನೆನಪು ಅರ್ಧ ಇರುತ್ತದೆ, ಅರ್ಧ ಇರುವುದಿಲ್ಲ. ಅದರ ಮೇಲೆ ನಮ್ಮ ಜನ ನಾಯಿ ಕಟ್ಟುವುದೆಲ್ಲಿ? ಬರೋಬ್ಬರಿ ಮೀಟರ್ ಬೋರ್ಡಿನ ಕೆಳಗೆ. ಅಲ್ಲಿ ನೆರಳಿರುತ್ತದೆ, ಮಳೆ ಬಡಿಯುವುದಿಲ್ಲ, ಸರಪಳಿ ಸಿಕ್ಕಿಸಲು ಗೋಡೆಗೆ ಒಂದು ಕೊಂಡಿ ಇರುತ್ತದೆ. ನಾನು ಕತ್ತು ಎತ್ತಿ ಅಂಕಿ ಓದಬೇಕು, ಕಣ್ಣು ಕೆಳಗೂ ಇಡಬೇಕು.

ಇದರಿಂದ ಒಂದು ಲಾಭವೂ ಆಗಿದೆ. ಒಂದೊಂದು ನಾಯಿಯನ್ನೂ ನಾನು ತಿಂಗಳು ತಿಂಗಳಿಗೆ ನೋಡುತ್ತಾ ಬಂದಿದ್ದೇನೆ. ಬುಟ್ಟಿಯಲ್ಲಿ ಮಲಗಿದ ಕುನ್ನಿ, ಆರನೇ ತಿಂಗಳಿಗೆ ಸರಪಳಿ ಜಗ್ಗುವ ಪೋರ, ಎರಡು ವರ್ಷದ ದೊಡ್ಡ ನಾಯಿ, ಕೊನೆಗೆ ಕಣ್ಣು ಮಂಜಾದ ಮುದುಕ. ಮನೆಯವರು ದಿನಾ ನೋಡುವುದರಿಂದ ಅವರಿಗೆ ಬದಲಾವಣೆ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ.

ಗೇಟಿನ ಹೊರಗೆ ನಿಂತು "ಕರೆಂಟ್ ಬಿಲ್ರೀ" ಅಂತ ಕೂಗಿದರೆ ಒಳಗಿನಿಂದ ಬರುವ ಉತ್ತರ ಎರಡೇ. ಒಂದು, "ಬರ್ರಿ ಬರ್ರಿ, ಅದೇನೂ ಮಾಡಂಗಿಲ್ರಿ." ಇನ್ನೊಂದು, ಸ್ವಲ್ಪ ಜಂಬದಿಂದ, "ಅಲ್ಲೇ ನಿಂದರ್ರಿ, ನಮ್ಮ ನಾಯಿ ಭಾಳ ಸಿಟ್ಟಿಂದೈತಿ." ಎರಡನೆಯವರನ್ನು ನಾನು ಪೂರ್ತಿ ನಂಬುತ್ತೇನೆ. ಮೊದಲಿನವರನ್ನು ಅಷ್ಟಾಗಿ ನಂಬುವುದಿಲ್ಲ. ಏನೂ ಮಾಡಂಗಿಲ್ಲ ಅಂದರೆ, ನಮಗೆ ಇಲ್ಲೀತನಕ ಏನೂ ಮಾಡಿಲ್ಲ ಅಂತ ಅಷ್ಟೇ ಅರ್ಥ.

ಆ ಲ್ಯಾಬ್ರಡಾರ್ ಕೂಡ ಏನೂ ಮಾಡದ ನಾಯಿಯೇ. ಆರು ವರ್ಷದಿಂದ ನನಗೆ ಗೊತ್ತಿತ್ತು. ಹೋದಾಗಲೆಲ್ಲ ಬಾಲದಿಂದ ಪಕ್ಕದ ತುಳಸಿ ಕುಂಡ ಬೀಳಿಸುವಷ್ಟು ಖುಷಿ ಅದಕ್ಕೆ. ಒಂದು ಸಲ ಮಳೆಗಾಲದಲ್ಲಿ ಹೋದಾಗ ಎದ್ದು ಬರಲಿಲ್ಲ. ತಲೆ ಒಂದು ಕಡೆ ವಾಲಿಸಿಕೊಂಡು ಮಲಗಿತ್ತು. ಯಾಕಪ್ಪಾ ರಾಜಾ ಅಂತ ತಲೆ ಸವರಲು ಕೈ ಚಾಚಿದೆ, ಅಷ್ಟೇ. ಗುರ್ ಅನ್ನಲಿಲ್ಲ, ಬೊಗಳಲಿಲ್ಲ, ಒಮ್ಮೆಲೇ ಹಿಡಿಯಿತು. ಹಿಡಿದದ್ದನ್ನು ಬಿಟ್ಟ ಮೇಲೆ ಅದೇ ಹೆದರಿ ಮೂಲೆ ಸೇರಿತು. ನಾನು ಅವರ ನಳದ ಕೆಳಗೆ ಹದಿನೈದು ನಿಮಿಷ ಸೋಪು ಹಚ್ಚಿ ಕೈ ತೊಳೆದುಕೊಂಡು ಇಂಜೆಕ್ಷನ್‌ಗೆ ಓಡಿದೆ. ಆಮೇಲೆ ಗೊತ್ತಾಯಿತು, ಅದರ ಕಿವಿಯ ತುಂಬ ಕೀವು. ಒಂದು ವಾರದಿಂದ ಕಿವಿ ಕೆರೆದುಕೊಳ್ಳುತ್ತಿತ್ತಂತೆ, ಮನೆಯವರು ಸುಮ್ನೆ ಚಟ ಅಂದುಕೊಂಡಿದ್ದರು. ಒಳ್ಳೆ ನಾಯಿ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ನೋವು ಹುಡುಕಬೇಕು: ಕಿವಿ, ಹಲ್ಲು, ಕೀಲು, ಕಣ್ಣು. ತಪ್ಪು ನನ್ನದೂ ಇತ್ತು ಬಿಡಿ. ಮಲಗಿದ ನಾಯಿಯ ತಲೆ ಮೇಲಿಂದ ಕೈ ತರಬಾರದು ಅಂತ ನನಗೇ ಗೊತ್ತಿರಬೇಕಿತ್ತು.

ಹಾಗಾದರೆ ಒಳ್ಳೆ ಗುಣ ಅಂದರೆ ಏನು ಅಂತ ಕೇಳುತ್ತೀರಿ. ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ.

ಸಪ್ತಾಪುರದಲ್ಲಿ ಅಕ್ಕಪಕ್ಕದ ಎರಡು ಮನೆ, ನಡುವೆ ಸೊಂಟದೆತ್ತರದ ಕಾಂಪೌಂಡ್ ಗೋಡೆ. ಬಲಗಡೆ ಮನೆಯಲ್ಲಿ ಜರ್ಮನ್ ಶೆಫರ್ಡ್. ನೋಡಲು ಫೋಟೊದಲ್ಲಿ ಇದ್ದ ಹಾಗೆ, ಕಿವಿ ನೆಟ್ಟಗೆ, ಎದೆ ಅಗಲ, ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು. ಎಡಗಡೆ ಮನೆಯಲ್ಲಿ ಕರಿಯ ಅಂತ ಒಂದು ಕಂತ್ರಿ ನಾಯಿ, ಓಣಿಯಲ್ಲೇ ಹುಟ್ಟಿ ಆ ಮನೆಯ ಕಟ್ಟೆ ಹತ್ತಿದ್ದು. ನಾನು ಎಡಗಡೆ ಮನೆಯ ಬೋರ್ಡಿನ ಮುಂದೆ ನಿಂತಿದ್ದಾಗ ಹೊರಗೆ ಸಿಲಿಂಡರ್ ಗಾಡಿ ಬಂತು. ಹುಡುಗನ ಕೈ ಜಾರಿ ಖಾಲಿ ಸಿಲಿಂಡರ್ ಒಂದು ಕಲ್ಲಿನ ಚಪ್ಪಡಿ ಮೇಲೆ ಬಿತ್ತು. ಠಣ್ ಅಂತ ಓಣಿಯೇ ಗುಂಯ್‌ಗುಟ್ಟಿತು.

ಎರಡೂ ನಾಯಿ ಬೆಚ್ಚಿದವು. ಇದನ್ನು ಗಮನಿಸಿ, ಎರಡೂ. ಕರಿಯ ಒಂದು ಮಾರು ಹಿಂದಕ್ಕೆ ಹಾರಿ, ಕಿವಿ ಹಿಂದೆ ಮಾಡಿ ನಿಂತ. ಒಂದು ಗಳಿಗೆ ಅಷ್ಟೇ. ಆಮೇಲೆ ಕತ್ತು ಉದ್ದ ಮಾಡಿಕೊಂಡು ಗೇಟಿನ ಸಂದಿಯಿಂದ ಸಿಲಿಂಡರನ್ನು ಮೂಸಿದ, ಒಂದು ಸೀನು ಸೀನಿದ, ಮೈ ಝಾಡಿಸಿದ, ಬಂದು ನನ್ನ ಚಪ್ಪಲಿ ಪಕ್ಕ ಬಿದ್ದುಕೊಂಡ. ಆ ಜರ್ಮನ್ ಶೆಫರ್ಡ್ ಮಾತ್ರ ನಿಲ್ಲಿಸಿದ್ದ ಸ್ಕೂಟಿಯ ಹಿಂದೆ ಸೇರಿ ನಡುಗುತ್ತಾ, ಹಲ್ಲು ತೋರಿಸುತ್ತಾ ಕೂತಿತು. ಸಮಾಧಾನ ಮಾಡಲು ಹೋದ ಯಜಮಾನರ ಕೈಗೇ ಬಾಯಿ ಹಾಕಿತು. ನಾನು ಆ ಓಣಿ ಮುಗಿಸಿ ಅರ್ಧ ತಾಸಿನ ಮೇಲೆ ಅವರ ಮನೆಗೆ ಹೋದಾಗಲೂ ಅದು ಅಲ್ಲೇ ಇತ್ತು, ಇನ್ನೂ ಗುರುಗುಡುತ್ತಾ.

ಕರಿಯನ ಆ ಸೀನು ಇದೆಯಲ್ಲ, ನನ್ನ ಲೆಕ್ಕದಲ್ಲಿ ಒಳ್ಳೆ ಗುಣ ಅಂದರೆ ಅದು. ಹೆದರದ ನಾಯಿ ಇರುವುದಿಲ್ಲ, ಇದ್ದರೂ ಅದು ಲಾರಿ ಕೆಳಗೆ ಬಿದ್ದು ಬೇಗ ಸಾಯುತ್ತದೆ. ಬೆಚ್ಚಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ, ಬೆದರಿಸಿದ್ದು ಏನು ಅಂತ ಹೋಗಿ ನೋಡುವ ಕುತೂಹಲ ಇದೆಯೋ ಇಲ್ಲವೋ, ಅದನ್ನು ನೋಡಬೇಕು. ನಮ್ಮ ಜನ ಸಿಟ್ಟು ಅನ್ನುವುದು ಬಹಳ ಸಲ ಅಂಜಿಕೆಯೇ. ಮೀಟರ್ ಓದಲು ಹೋದ ನನ್ನ ಕಂಡು ಬಾಯಲ್ಲಿ ನೊರೆ ಬರುವ ಹಾಗೆ ಜಿಗಿಯುವ ನಾಯಿಯ ಹಿಂದಿನ ಕಾಲು ನೋಡಿ. ಬಹಳ ಸಲ ಅವು ಹಿಂದಕ್ಕೇ ಸರಿಯುತ್ತಿರುತ್ತವೆ, ಬಾಲ ಹೊಟ್ಟೆಗೆ ಅಂಟಿರುತ್ತದೆ. ಅದಕ್ಕೆ ಓಡಿಹೋಗುವ ಆಸೆ, ಸರಪಳಿ ಬಿಡುವುದಿಲ್ಲ. ಓಡಲು ದಾರಿ ಇಲ್ಲದ್ದಕ್ಕೆ ಉಳಿಯುವುದು ಹಲ್ಲು ಒಂದೇ ಅಲ್ವಾ? ಬೆಳಗಿಂದ ರಾತ್ರಿತನಕ ಮೂರು ಮೊಳದ ಸರಪಳಿಯಲ್ಲಿ ಇಟ್ಟರೆ ಮನುಷ್ಯರಿಗೂ ತಲೆ ಕೆಡುತ್ತದೆ. ಆಮೇಲೆ "ಭಾಳ ಸಿಟ್ಟಿಂದೈತಿ" ಅಂತ ಹೆಮ್ಮೆ ಬೇರೆ.

ಬೊಗಳೋ ನಾಯಿ ಕಚ್ಚಲ್ಲ ಅಂತ ಗಾದೆ ಕಟ್ಟಿದವರು ಯಾರೋ, ಅವರೆಂದೂ ಮೀಟರ್ ಓದಲು ಹೋಗಿಲ್ಲ. ಬೊಗಳುವ ನಾಯಿಯೂ ಕಚ್ಚುತ್ತದೆ. ಆದರೆ ಗುರುಗುಡುವ ನಾಯಿಯ ಬಗ್ಗೆ ನನಗೆ ಗೌರವ ಇದೆ. ಅದು ಹೇಳಿ ಮಾಡುತ್ತದೆ. ಕೇಶ್ವಾಪುರದ ಒಂದು ಮನೆಯಲ್ಲಿ ಗುರ್ ಅಂದಾಗಲೆಲ್ಲ ನಾಯಿಯ ಮೂತಿಗೆ ಹೊಡೆದು ಹೊಡೆದು ಆ ಸದ್ದು ಬಿಡಿಸಿದರು. ಸಭ್ಯ ಆಯ್ತು ಅಂದುಕೊಂಡರು. ಅದು ಬಿಟ್ಟದ್ದು ಎಚ್ಚರಿಕೆ ಕೊಡುವುದನ್ನು ಮಾತ್ರ, ಅಂಜಿಕೆ ಒಳಗೆ ಹಾಗೇ ಇತ್ತು. ಮುಂದೆ ಆ ನಾಯಿ ಸದ್ದಿಲ್ಲದೆ ಹಿಡಿಯಲು ಶುರು ಮಾಡಿತು. ಬಾಲದ್ದೂ ಅಷ್ಟೇ. ಬಾಲ ಆಡಿಸಿದರೆ ಪ್ರೀತಿ ಅಂತ ಎಲ್ಲರೂ ತಿಳಿಯುತ್ತಾರೆ. ಸೊಂಟವೂ ಸೇರಿ ಆಡುವ ಸಡಿಲ ಬಾಲ ಬೇರೆ, ಮೇಲಕ್ಕೆ ಬೆತ್ತದಂತೆ ನಿಂತು ತುದಿ ಮಾತ್ರ ನಡುಗುವ ಬಾಲ ಬೇರೆ. ಎರಡನೆಯದು ಕಂಡರೆ ನಾನು ಗೇಟಿನಲ್ಲೇ ನಿಂತು ಮನೆಯವರಿಗೇ ಅಂಕಿ ಓದಿ ಹೇಳಲು ಕೇಳುತ್ತೇನೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ಸುಮ್ಮಸುಮ್ಮನೆ ತುಟಿ ನೆಕ್ಕುವುದು, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿ ಮಾತ್ರ ನಮ್ಮ ಕಡೆ ಇಡುವುದು, ಇವೆಲ್ಲ "ನನಗೆ ಇದು ಸೇರುತ್ತಿಲ್ಲ, ಸ್ವಲ್ಪ ದೂರ ಸರಿ" ಅನ್ನುವ ಮಾತೇ. ಮಕ್ಕಳು ನಾಯಿಯ ಕುತ್ತಿಗೆ ಅಪ್ಪಿಕೊಂಡು ತೆಗೆಸಿಕೊಂಡ ಫೋಟೊಗಳಲ್ಲಿ ಈ ಕಣ್ಣು ಎಷ್ಟು ಸಲ ಕಾಣುತ್ತದೆ, ಒಮ್ಮೆ ನಿಮ್ಮ ಮೊಬೈಲ್ ತೆಗೆದು ನೋಡಿ.

ಈಗ ಗುಣ ಹುಟ್ಟಿನಿಂದಲೋ, ಬೆಳೆಸುವುದರಿಂದಲೋ ಅನ್ನುವ ಜಗಳ. ನನ್ನ ಮಗಳು ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಾಳೆ. ಹಬ್ಬಕ್ಕೆ ಬಂದಾಗ ನಮ್ಮಿಬ್ಬರ ನಡುವೆ ಇದೇ ವಾದ. ನಾನು ಬೆಳೆಸುವುದೇ ಎಲ್ಲ ಅನ್ನುತ್ತಿದ್ದೆ. "ಅಪ್ಪಾ, ಅರ್ಧ ಅಷ್ಟ ಖರೆ" ಅಂತ ಅವಳು ಕೂರಿಸಿ ಹೇಳಿದಳು. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಬೆಲ್ಯಾಯೆವ್ ಅನ್ನುವ ವಿಜ್ಞಾನಿ 1959ರಲ್ಲಿ ನರಿಗಳ ಮೇಲೆ ಒಂದು ಪ್ರಯೋಗ ಶುರು ಮಾಡಿದರಂತೆ. ಮನುಷ್ಯರನ್ನು ಕಂಡರೆ ಕಡಿಮೆ ಹೆದರುವ ನರಿಗಳನ್ನಷ್ಟೇ ಆರಿಸಿ ಆರಿಸಿ ಮರಿ ಮಾಡಿಸುತ್ತಾ ಹೋದರು. ಕೆಲವೇ ತಲೆಮಾರಿನಲ್ಲಿ ಬಾಲ ಆಡಿಸಿಕೊಂಡು ಜನರ ಹಿಂದೆ ಬರುವ ನರಿ ಹುಟ್ಟಿದವು. ಅಂದರೆ ಅಂಜುವುದು, ಅಂಜದಿರುವುದು ರಕ್ತದಲ್ಲೂ ಬರುತ್ತದೆ. ಅದಕ್ಕೇ ಮರಿ ನೋಡುವ ಮೊದಲು ತಾಯಿಯನ್ನು ನೋಡಿ ಅಂತ ಹಿರಿಯರು ಹೇಳುವುದು ಸುಳ್ಳಲ್ಲ. ಹಾಗಂತ ಮರಿ ಹಾಕಿದ ಮೂರನೇ ದಿನ ಹೋಗಿ, ತಾಯಿ ಹಲ್ಲು ತೋರಿಸಿತು ಅಂತ ತೀರ್ಪು ಕೊಡಬೇಡಿ. ಬಾಣಂತಿ ನಾಯಿ ಯಾವುದಾದರೂ ಹಾಗೇ ಮಾಡುತ್ತದೆ. ಮರಿ ದೊಡ್ಡವಾದ ಮೇಲೆ ಹೋಗಿ, ಹೊರಗಿನವರು ಅಂಗಳಕ್ಕೆ ಬಂದರೆ ಆ ತಾಯಿ ಏನು ಮಾಡುತ್ತದೆ ನೋಡಿ. ತಾಯಿ ಮಂಚದ ಕೆಳಗೆ ಸೇರಿದರೆ ಮರಿಗಳೂ ಅದನ್ನೇ ಕಲಿತಿರುತ್ತವೆ.

ಉಳಿದ ಅರ್ಧ ಇದೆಯಲ್ಲ, ಅದು ನಮ್ಮ ಕೈಯಲ್ಲಿದೆ ಮತ್ತು ಅದಕ್ಕೆ ಟೈಮು ಬಹಳ ಕಡಿಮೆ. ಮೂರನೇ ವಾರದಿಂದ ಹೆಚ್ಚು ಅಂದರೆ ಹದಿನಾಲ್ಕನೇ ವಾರದವರೆಗೆ. ಈ ಎರಡೂವರೆ ತಿಂಗಳಲ್ಲಿ ಮರಿ ಏನೇನು ನೋಡುತ್ತದೋ ಅದೆಲ್ಲ ಅದರ ಮನಸ್ಸಿನಲ್ಲಿ ಮಾಮೂಲಿ ಅಂತ ಕೂರುತ್ತದೆ. ನೋಡದೇ ಉಳಿದದ್ದು ಮುಂದೆ ಭಯ. ಅಮೆರಿಕದ ಬಾರ್ ಹಾರ್ಬರ್ ಅನ್ನುವ ಊರಲ್ಲಿ 1961ರ ಸುಮಾರಿಗೆ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಎತ್ತರದ ಬೇಲಿಯ ಹೊಲದಲ್ಲಿ, ಮನುಷ್ಯರ ಒಡನಾಟವೇ ಇಲ್ಲದ ಹಾಗೆ ಮರಿಗಳನ್ನು ಬೆಳೆಸಿದರು. ಕೆಲವನ್ನು ಎರಡನೇ ವಾರ, ಕೆಲವನ್ನು ಐದನೇ ವಾರ, ಏಳನೇ ವಾರ, ಹೀಗೆ ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಒಳಗೆ ತಂದು ಜನರ ಜೊತೆ ಬಿಟ್ಟರು. ಹದಿನಾಲ್ಕು ವಾರದವರೆಗೆ ಜನರನ್ನೇ ಕಾಣದ ಮರಿಗಳು ಕಾಡುಪ್ರಾಣಿಯ ಹಾಗೆ ಬೆದರುತ್ತಿದ್ದವು, ಆಮೇಲೆ ಎಷ್ಟು ರಮಿಸಿದರೂ ಸರಿಹೋಗಲಿಲ್ಲ. ಅವು ಯಾವ ಜಾತಿಯ ಮರಿ ಗೊತ್ತಾ? ಬೀಗಲ್ ಮತ್ತು ಕಾಕರ್ ಸ್ಪ್ಯಾನಿಯಲ್. ಮನೆಮಂದಿಯ ಮುದ್ದಿನ ನಾಯಿ ಅಂತ ಎಲ್ಲರೂ ಕೊಳ್ಳುವ ಜಾತಿ.

ಇದನ್ನು ಕೇಳಿದಾಗ ನನ್ನ ಹತ್ತೊಂಬತ್ತು ವರ್ಷದ ಲೆಕ್ಕ ಪಟ್ಟನೆ ತಾಳೆ ಆಯ್ತು. ನಾನು ಕಂಡ ಒಳ್ಳೆ ನಾಯಿಗಳೆಲ್ಲ ಹೆಚ್ಚಾಗಿ ಅಂಗಡಿ ಮುಂದೆ, ಹಿಟ್ಟಿನ ಗಿರಣಿ ಮುಂದೆ, ಮಕ್ಕಳು ತುಂಬಿದ ವಠಾರದಲ್ಲಿ ಬೆಳೆದವು. ಹತ್ತಾರು ಜನ, ಆಟೋ, ಗಿರಣಿ ಬೆಲ್ಟಿನ ಸದ್ದು, ಗಣಪತಿ ಹಬ್ಬದ ಜಗ್ಗಲಗಿ ವಾದ್ಯದ ಬಡಿತ, ಎಲ್ಲ ಮೂರು ತಿಂಗಳೊಳಗೆ ಕಂಡವು. ಕೆಟ್ಟವು ಹೆಚ್ಚಾಗಿ ದೊಡ್ಡ ಕಾಂಪೌಂಡಿನೊಳಗೆ, ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ, ಇಂಜೆಕ್ಷನ್ ಎಲ್ಲ ಮುಗಿಯುವ ತನಕ ಹೊರಗೆ ಬಿಡಬೇಡಿ ಅಂತ ಯಾರೋ ಹೇಳಿದ್ದಕ್ಕೆ ನಾಲ್ಕು ತಿಂಗಳು ಗೇಟು ದಾಟದೇ ಬೆಳೆದವು. ಆ ಮಾತಿನಲ್ಲೂ ಸತ್ಯ ಇದೆ, ಪಾರ್ವೋ ರೋಗ ಬಂದರೆ ಮರಿ ಉಳಿಯುವುದು ಕಷ್ಟ. ಆದರೆ ನೆಲಕ್ಕೆ ಬಿಡದೇ ಎತ್ತಿಕೊಂಡು ಹೋಗಬಹುದಲ್ಲ! ಮಾಳಮಡ್ಡಿಯ ಒಬ್ಬ ಅಕ್ಕಾರು ಕುನ್ನಿಯನ್ನು ತರಕಾರಿ ಚೀಲದಲ್ಲಿ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು, ಸುಭಾಸ್ ರೋಡಿನ ಸಂತೆಗೆಲ್ಲ ಕರೆದೊಯ್ಯುತ್ತಿದ್ದರು. ಜನ ನಗುತ್ತಿದ್ದರು. ಆ ನಾಯಿಗೆ ಈಗ ಏಳು ವರ್ಷ, ನಾನು ಹೋದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮಲಗುತ್ತದೆ. ಹೆಲ್ಮೆಟ್ ಹಾಕಿಕೊಂಡೇ ಹೋದರೂ ಅಷ್ಟೇ. ಹೆಲ್ಮೆಟ್ ದೊಡ್ಡ ಪರೀಕ್ಷೆ, ಮುಖ ಕಾಣದ ಮನುಷ್ಯನನ್ನು ಬಹಳ ನಾಯಿ ಸಹಿಸುವುದಿಲ್ಲ.

ಇನ್ನೊಂದು ಅನ್ಯಾಯ ಅಂದರೆ ಇಪ್ಪತ್ತೈದು ಮೂವತ್ತು ದಿನದ ಮರಿಯನ್ನು ತಾಯಿಯಿಂದ ಕಿತ್ತು ತರುವುದು. "ಸಣ್ಣದಿದ್ದಾಗ ತಂದ್ರ ಹೊಂದಿಕೋತದ್ರಿ" ಅನ್ನುತ್ತಾರೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮವೇ ಹೇಳುತ್ತದೆ. ಕಾನೂನು ಬಿಡಿ, ಅದರ ಹಿಂದಿನ ಕಾರಣ ನೋಡಿ. ಮರಿಗಳು ಒಂದಕ್ಕೊಂದು ಕಚ್ಚಾಡುತ್ತವಲ್ಲ, ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಚೀರಿ ಆಟ ಬಿಟ್ಟು ಹೋಗುತ್ತದೆ. ತಾಯಿಯ ಮೊಲೆಗೆ ಹಲ್ಲು ತಾಗಿದರೆ ತಾಯಿ ಎದ್ದು ಹೋಗುತ್ತದೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವ ಹದ ಅಲ್ಲಿ ಕಲಿಯುವುದು. ಆ ಪಾಠ ಸಿಗದ ನಾಯಿ ದೊಡ್ಡದಾದ ಮೇಲೆ ಆಟಕ್ಕೆ ಹಿಡಿದರೂ ರಕ್ತ ಬರುತ್ತದೆ, ಮನೆಯಲ್ಲಿ ಎಷ್ಟು ಅಕ್ಕರೆಯಿಂದ ಬೆಳೆಸಿದರೂ ಅದನ್ನು ಕಲಿಸುವುದು ತ್ರಾಸು.

ತಳಿಯ ವಿಷಯಕ್ಕೆ ಬರುತ್ತೇನೆ, ಪತ್ರ ಬರೆದವರ ಮುಖ್ಯ ಮಾತೇ ಅದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿಷೇಧದ ಸುತ್ತೋಲೆ ಕಳಿಸಿತ್ತು, ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಅದನ್ನು ರದ್ದು ಮಾಡಿತು. 2022ರಲ್ಲಿ ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಪ್ರಶ್ನೆ ಕೇಳಿ ಬರೆಸಿಕೊಂಡು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಜೊತೆ ಹೋಲಿಸಿ ನೋಡಿದರು. ಒಂದು ನಾಯಿಗೂ ಇನ್ನೊಂದು ನಾಯಿಗೂ ವರ್ತನೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ಬಂದದ್ದು ಸುಮಾರು ಶೇಕಡ 9 ಮಾತ್ರ ಅಂತ ಲೆಕ್ಕ ಸಿಕ್ಕಿತು. ತಳಿ ಪೂರಾ ಸುಳ್ಳು ಅಂತ ನಾನು ಹೇಳುತ್ತಿಲ್ಲ. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅದು ಯಾರೂ ಅಲ್ಲಗಳೆಯದ ಮಾತು. ರಾಟ್‌ವೀಲರ್ ತಂದು ಸರಪಳಿಗೆ ಹಾಕಿ ಮರೆಯುವವರು ದಂಡ ಕಟ್ಟಲಿ, ನನ್ನ ಅಡ್ಡಿಯಿಲ್ಲ. ಆದರೆ ತಳಿಯ ಹೆಸರು ನೋಡಿ ಗುಣ ತಿಳಿಯುವುದು, ಅಡ್ಡಹೆಸರು ಕೇಳಿ ಮನುಷ್ಯನನ್ನು ಅಳೆದ ಹಾಗೆ.

ನಮ್ಮ ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೈನ್ಯದವರೂ ಒಯ್ದು ತರಬೇತಿ ಕೊಟ್ಟರು, ಅದಾದ ಮೇಲೆ ಹುಬ್ಬಳ್ಳಿ-ಧಾರವಾಡದ ಬಂಗಲೆಗಳಲ್ಲಿ ಇದೊಂದು ಶೋಕಿ ಆಯಿತು. ಮುಧೋಳ ಅಂದರೆ ಹುಲಿಯಂಥ ಕಾವಲು ನಾಯಿ ಅಂದುಕೊಂಡು ತರುತ್ತಾರೆ. ಅದು ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡಲು ಹುಟ್ಟಿದ್ದು. ಹೊಸಬರು ಬಂದರೆ ಹತ್ತಿರ ಬರುವುದಿಲ್ಲ, ದೂರ ನಿಂತು ನೋಡುತ್ತದೆ, ಗದರಿದರೆ ವಾರಗಟ್ಟಲೆ ಮುನಿಸು. ಅದನ್ನು ಇಪ್ಪತ್ತು ಅಡಿ ಅಂಗಳದಲ್ಲಿ ಕಟ್ಟಿ, ಯಾರನ್ನೂ ಹೆದರಿಸುತ್ತಿಲ್ಲ, ಗುಣ ಸರಿ ಇಲ್ಲ ಅನ್ನುತ್ತಾರೆ. ಗುಣ ಚೆನ್ನಾಗಿಯೇ ಇದೆ, ತಂದು ಕಟ್ಟಿದ ಜಾಗ ತಪ್ಪು.

ನನ್ನ ಹೆಂಡತಿಯ ತವರು ಮುಂಡರಗಿ ಕಡೆ. ಅವಳ ಅಣ್ಣ ಕುರಿ ಸಾಕಿದ್ದಾರೆ. ಅವರ ನಾಯಿಗಳಿಗೆ ಜಾತಿ ಇಲ್ಲ, ಹೆಸರೂ ಸರಿಯಾಗಿ ಇಲ್ಲ. ಕುನ್ನಿ ಕಣ್ಣು ಬಿಟ್ಟ ಮೇಲೆ ಕುರಿಮರಿಗಳ ಜೊತೆಯೇ ಹಟ್ಟಿಯಲ್ಲಿ ಬಿಡುತ್ತಾರೆ, ಕುರಿ ವಾಸನೆಯಲ್ಲೇ ಅವು ಮಲಗಿ ಏಳುತ್ತವೆ. ಬಾರ್ ಹಾರ್ಬರ್‌ನವರು ಕಂಡುಕೊಂಡದ್ದೂ ಇದೇ ಲೆಕ್ಕ, ಇವರಿಗೆ ಅದು ಮನೆಯ ರೂಢಿ. ತೋಳದ ಮೇಲೆ ಬೀಳುವುದು ದೊಡ್ಡ ಮಾತಲ್ಲ ಅನ್ನುತ್ತಾರೆ ಅವರು. "ನಾಯಿ ಗುಣಾ ಕುರಿ ಈದಾಗ ನೋಡಬೇಕ್ರಿ. ಹಸಿದಿರತದ, ಮುಂದ ಹಸಿ ಮರಿ ಬಿದ್ದಿರತದ, ಆದ್ರೂ ಮುಟ್ಟಂಗಿಲ್ಲ." ಮೈಲಾರಲಿಂಗನ ಒಕ್ಕಲು ಅವರು, ಆ ಮನೆಯಲ್ಲಿ ನಾಯಿಗೆ ಕಾಲಿಂದ ಒದೆಯುವ ಹಾಗಿಲ್ಲ. ದೇವರಗುಡ್ಡದಲ್ಲಿ ಮೈಲಾರನ ಭಕ್ತರಾದ ಗೊರವಪ್ಪಗಳು ಕಂಬಳಿ ತೊಟ್ಟು ನಾಯಿಯಂತೆ ಬೊಗಳುತ್ತಾ ದೋಣಿ ಅನ್ನುವ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ತಿನ್ನುವುದನ್ನು ಹಾವೇರಿ ಕಡೆಯ ಓದುಗರು ಕಂಡೇ ಇರುತ್ತಾರೆ. ಅಂಥ ನಾಡಿನಲ್ಲಿ ನಾಯಿಗೆ ಹಚಾ ಅನ್ನುವುದು ಬಿಟ್ಟು ಬೇರೆ ಮಾತೇ ಬರುವುದಿಲ್ಲ ಎಷ್ಟೋ ಜನರಿಗೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಾಳಿಯ ಕಥೆ ಶಾಲೆಯಲ್ಲಿ ಕೇಳಿದ್ದು ನೆನಪಿರಬೇಕು. ಸಾವಿರ ವರ್ಷದ ಹಿಂದೆ, ಕ್ರಿ.ಶ. 949-950ರ ಶಾಸನ. ಯುದ್ಧದಲ್ಲಿ ಗೆದ್ದು ಬಂದ ಮಣಲೇರ ಅನ್ನುವ ವೀರನಿಗೆ ಅರಸ ಏನು ಬೇಕು ಕೇಳು ಅಂದರೆ, ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ನಾಯಿ ಕೊಡಿ ಅಂದನಂತೆ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಅದಕ್ಕೆ ವೀರಗಲ್ಲು ನಿಲ್ಲಿಸಿದರು. ಮೈ ಜುಮ್ ಅನ್ನುತ್ತದೆ ನಿಜ. ಆದರೆ ಆ ಕಾಳಿಯನ್ನು ಕಲ್ಯಾಣನಗರದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ತಂದು, ಲಿಫ್ಟಿನಲ್ಲಿ ಪಕ್ಕದ ಮನೆಯ ಮಗುವಿನ ಜೊತೆ ನಿಲ್ಲಿಸಿದರೆ? ಹಂದಿ ಬೇಟೆಗೆ ಬೇಕಾದ ಗುಣ ಬೇರೆ, ಲಿಫ್ಟಿಗೆ ಬೇಕಾದ ಗುಣ ಬೇರೆ. ನಮಗೆ ಈಗ ಬೇಕಾಗಿರುವುದು ಲಿಫ್ಟಿನ ನಾಯಿ. ಕೇಳುವುದು ಮಾತ್ರ ಎಲ್ಲರೂ ಕಾಳಿಯನ್ನೇ.

ಕಲ್ಯಾಣನಗರದಲ್ಲಿ ನಿವೃತ್ತ ಹೆಡ್ ಮಾಸ್ತರರೊಬ್ಬರಿದ್ದಾರೆ. ಎದುರುಮನೆಯಲ್ಲಿ ಕಳ್ಳತನ ಆದ ಮೇಲೆ ನನ್ನನ್ನು ಕೂರಿಸಿ ಚಹಾ ಕೊಟ್ಟು, "ನಿಮಗ ನಾಯಿ ಭಾಳ ಗೊತ್ತದಲ್ಲ, ಒಂದು ಸಿಟ್ಟಿಂದು ನೋಡಿ ಹೇಳ್ರಿ" ಅಂದರು. ಸರ, ಕಳ್ಳ ಬಂದರೆ ಬೊಗಳಿದರೆ ಸಾಕು, ಕಚ್ಚುವ ನಾಯಿ ಕಳ್ಳನಿಗಿಂತ ಮೊದಲು ನಿಮ್ಮ ಮೊಮ್ಮಗನನ್ನು ಕಚ್ಚುತ್ತದೆ ಅಂದೆ. ನವಲೂರಿನಲ್ಲಿ ಒಬ್ಬರ ಮನೆಯಲ್ಲಿ ಎಂಟು ವಾರ ತುಂಬಿದ ಐದು ಮರಿ ಇದ್ದವು, ತಾಯಿ ಮುಧೋಳ ಬೆರಕೆ. ಇಬ್ಬರೂ ಭಾನುವಾರ ಹೋದೆವು. ತಾಯಿ ಬಂದು ನಮ್ಮ ಪ್ಯಾಂಟು ಮೂಸಿ ಹೋಯಿತು, ಅದೇ ನನಗೆ ಅರ್ಧ ಸಮಾಧಾನ.

ಆಮೇಲೆ ನಾನು ಮಾಡಿದ್ದು ಇಷ್ಟೇ. ಒಂದೊಂದೇ ಮರಿಯನ್ನು ಬೇರೆ ಜಾಗಕ್ಕೆ ತಂದು, ಐದಾರು ಹೆಜ್ಜೆ ದೂರದಲ್ಲಿ ಒಂದು ಸ್ಟೀಲ್ ತಾಟು ಬೀಳಿಸಿದೆ. ಒಂದು ಮರಿ ಉಚ್ಚೆ ಹೊಯ್ದುಕೊಂಡು ಕಟ್ಟಿಗೆ ರಾಶಿಯ ಹಿಂದೆ ಹೋಯಿತು, ಕರೆದರೂ ಬರಲಿಲ್ಲ. ಇನ್ನೊಂದು ಮರಿ ತಾಟಿನ ಮೇಲೆಯೇ ಎಗರಿ ಕಚ್ಚಿ ಎಳೆಯಿತು, ಮಾಸ್ತರರಿಗೆ ಅದೇ ಮನಸ್ಸಿಗೆ ಬಂತು. ನಾನು ಬೇಡ ಅಂದೆ, ಅರವತ್ತೆಂಟರ ವಯಸ್ಸಿಗೆ ಅದನ್ನು ಹಿಡಿದು ನಿಲ್ಲಿಸುವುದು ಆಗದ ಮಾತು. ಎರಡು ಮರಿ ನಡುವೆಯೇ ಇದ್ದವು. ಐದನೆಯದು, ಎದೆ ಮೇಲೆ ಬಿಳಿ ಮಚ್ಚೆಯ ಹೆಣ್ಣುಮರಿ, ಬೆಚ್ಚಿ ಕೂತು, ಎದ್ದು, ಸುತ್ತು ಹಾಕಿ ಬಂದು, ತಾಟಿನ ಅಂಚು ನೆಕ್ಕಿತು. ಮಡಿಲಲ್ಲಿ ಅಂಗಾತ ಮಲಗಿಸಿ ಮೆಲ್ಲಗೆ ಹಿಡಿದರೆ ಸ್ವಲ್ಪ ಕೊಸರಿ ಸುಮ್ಮನಾಯಿತು. ಇದೇ ಸರ ಅಂದೆ. ತಾಟು ಬೀಳಿಸುವುದು ಜಾತಕ ಅಲ್ಲ, ಎಂಟು ವಾರದಲ್ಲಿ ಕಂಡದ್ದು ಎರಡು ವರ್ಷಕ್ಕೆ ಹಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಯಾರೂ ಕೊಡಲಾರರು ಅಂತ ಮಗಳು ಬೈಯುತ್ತಾಳೆ. ಇರಲಿ, ಬರೀ ಬಣ್ಣ ನೋಡಿ ತರುವುದಕ್ಕಿಂತ ವಾಸಿ.

ಮರು ತಿಂಗಳು ಹೋದಾಗ ಆ ಮರಿಯನ್ನು ಎಲ್ಲಿ ಕಟ್ಟಿದ್ದರು ಅಂತ ನಾನು ಹೇಳಬೇಕಾಗಿಲ್ಲ. ಮಾಸ್ತರರ ಮೇಲೆ ಮೊದಲ ಸಲ ದನಿ ಎತ್ತಿದೆ. ಪಾಪ, ಅವರೇ ಅವತ್ತು ಕೊಂಡಿ ಕಿತ್ತು ಹಾಕಿದರು. ಗೇಟಿಗೆ ಜಾಳಿಗೆ ಬಡಿಸಿ ಮರಿಯನ್ನು ಅಂಗಳದಲ್ಲಿ ಬಿಟ್ಟರು, ಸಂಜೆ ಮೊಮ್ಮಗನ ಜೊತೆ ಕೆಲಗೇರಿ ಕೆರೆ ಕಡೆ ಎತ್ತಿಕೊಂಡು ಹೋಗಲು ಶುರು ಮಾಡಿದರು.

ಹೋದ ತಿಂಗಳು ಅದಕ್ಕೆ ಐದು ತಿಂಗಳು ತುಂಬಿತ್ತು. "ಬರ್ರಿ ಬರ್ರಿ, ಅದೇನೂ ಮಾಡಂಗಿಲ್ರಿ" ಅಂತ ಮಾಸ್ತರರು ಪಡಸಾಲೆಯಿಂದಲೇ ಕೂಗಿದರು. ಬಿಲ್ ಮಷಿನ್‌ಗೆ ಹೊಸ ಕಾಗದದ ರೋಲ್ ಹಾಕಬೇಕು ಅಂತ ಚೀಲದಿಂದ ತೆಗೆದು ಕಟ್ಟೆ ಮೇಲೆ ಇಟ್ಟಿದ್ದೆ. ಅಂಕಿ ಓದಿ ಕೆಳಗೆ ನೋಡುವಷ್ಟರಲ್ಲಿ ರೋಲ್ ಇಲ್ಲ. ಬಿಳಿ ಮಚ್ಚೆಯವಳು ಅದರ ತುದಿ ಬಾಯಲ್ಲಿ ಹಿಡಿದು ಹಿತ್ತಲಿಗೆ ಓಡಿದ್ದಳು, ಕಾಗದ ತುಳಸಿ ಕಟ್ಟೆ ಸುತ್ತಿ, ಪೇರಲ ಗಿಡ ಸುತ್ತಿ, ಬಟ್ಟೆ ಒಗೆಯುವ ಕಲ್ಲಿನ ತನಕ ಬಿಚ್ಚಿಕೊಂಡಿತ್ತು. ಅವತ್ತು ಆ ಓಣಿಯ ಉಳಿದ ಹನ್ನೊಂದು ಮನೆಗೆ ಬಿಲ್ ಮರುದಿನ ಕೊಟ್ಟೆ.

ಒಬ್ಬ ಮೀಟರ್ ರೀಡರ್, ಧಾರವಾಡ